ಕಾಲೇಜಿನ ಅಂಗಳದಲ್ಲೊಂದು ಬಾನುಲಿ: ನಡೆಸುವವರಿಗೆ ಕೈಪಿಡಿ

ವಿದ್ಯಾರ್ಥಿಗಳೇ ನಡೆಸುವ ಬಾನುಲಿ ಕೇಂದ್ರವೊಂದನ್ನು ತಮ್ಮ ಕಾಲೇಜಿನಲ್ಲಿ ಆರಂಭಿಸಲು ಹೊರಟವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಯಂತ್ರಗಳನ್ನು: ಯಾವ ಮೈಕು, ಯಾವ ಮಿಕ್ಸರು, ಒಟ್ಟು ಖರ್ಚೆಷ್ಟು ಎಂದು. ಈ ಪ್ರಶ್ನೆಗಳಿಗೆ ಉತ್ತರ ಕಷ್ಟವಲ್ಲ, ಬೇಕಾದ ಯಂತ್ರಗಳ ಪಟ್ಟಿ ಮುಂದೆ ಇದೆ. ಆದರೆ ಇಂಥ ಕೇಂದ್ರಗಳು ಯಂತ್ರ ಕೆಟ್ಟು ನಿಲ್ಲುವುದು ಅಪರೂಪ. ಹುಮ್ಮಸ್ಸಿನಲ್ಲಿ ದಿನಕ್ಕೆ ನಾಲ್ಕು ಗಂಟೆಯ ಪ್ರಸಾರ ಘೋಷಿಸಿ, ಮೊದಲ ಆಂತರಿಕ ಪರೀಕ್ಷೆ ಬಂದೊಡನೆ ಅದನ್ನು ತುಂಬಲಾಗದೆ ನಿಲ್ಲುವುದುಂಟು. ಕೆಲಸ ಬಲ್ಲ ಮೂವರು ಅಂತಿಮ ವರ್ಷ ಮುಗಿಸಿ ಹೊರಟಾಗ ಕೋಣೆಯ ಬೀಗದ ಕೈ ಯಾರ ಬಳಿ ಇದೆಯೆಂಬುದೂ ಗೊತ್ತಿಲ್ಲದೆ ನಿಲ್ಲುವುದುಂಟು. ಆದ್ದರಿಂದ ಈ ಕೈಪಿಡಿ ಹೇಳುವ ಮುಖ್ಯ ಮಾತು ಒಂದೇ: ಪ್ರಸಾರದ ಹೊತ್ತು ಚಿಕ್ಕದಿರಲಿ, ಆದರೆ ಅದು ಒಂದು ದಿನವೂ ತಪ್ಪದಿರಲಿ. ಉಳಿದೆಲ್ಲ ತೀರ್ಮಾನಗಳನ್ನೂ ಇದಕ್ಕೆ ಹೊಂದಿಸಿಕೊಳ್ಳಬೇಕು.

ಕೋಲಾರದಂಥ ಊರಿನಲ್ಲಿ ಪ್ರಸಾರದ ವೇಳೆಯನ್ನು ನಿರ್ಧರಿಸುವುದು ಬಸ್ಸುಗಳು. ಇಲ್ಲಿನ ಪದವಿ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು, ಬಂಗಾರಪೇಟೆ ಕಡೆಯ ಹಳ್ಳಿಗಳಿಂದ ಬಂದು ಹೋಗುವವರು. ಕೊನೆಯ ತರಗತಿಯ ಗಂಟೆ ಹೊಡೆದ ಮೇಲೆ ಅವರನ್ನು ಯಾವ ಕಾರ್ಯಕ್ರಮವೂ ಹಿಡಿದಿಡಲಾರದು. ಹಾಗಾಗಿ ಕಾಲೇಜಿನ ಒಳಗಿನ ಪ್ರಸಾರಕ್ಕೆ ಊಟದ ಬಿಡುವಿನ ಅರ್ಧ ಗಂಟೆಗಿಂತ ಒಳ್ಳೆಯ ಹೊತ್ತಿಲ್ಲ. ಆ ಅರ್ಧ ಗಂಟೆಯನ್ನೂ ಆರಂಭದಲ್ಲಿ ವಾರಕ್ಕೆ ಐದು ದಿನ ಮಾತ್ರ ಇಟ್ಟುಕೊಳ್ಳುವುದು ಒಳ್ಳೆಯದು. ವಾರಕ್ಕೆ ಎರಡೂವರೆ ಗಂಟೆ ಎಂದರೆ ಕಡಿಮೆ ಅನ್ನಿಸಬಹುದು. ಅದನ್ನು ಒಂದು ಸೆಮಿಸ್ಟರ್ ಪೂರ್ತಿ ತುಂಬಿ ನೋಡಿದವರು ಹಾಗೆ ಹೇಳುವುದಿಲ್ಲ.

ಕಾರ್ಯಕ್ರಮವನ್ನು ಕೇಳುಗರಿಗೆ ಮುಟ್ಟಿಸಲು ಮೂರು ದಾರಿಗಳಿವೆ. ಮೊದಲನೆಯದು ಕಾಲೇಜಿನೊಳಗಿನ ಧ್ವನಿವರ್ಧಕ ವ್ಯವಸ್ಥೆ. ಪ್ರಾರ್ಥನೆಗೂ ಪ್ರಕಟಣೆಗೂ ಬಳಸುವ ಆಂಪ್ಲಿಫೈಯರ್ ಹೆಚ್ಚಿನ ಕಾಲೇಜುಗಳಲ್ಲಿ ಈಗಾಗಲೇ ಇರುತ್ತದೆ. ಅದಕ್ಕೆ ಕ್ಯಾಂಟೀನು, ಗ್ರಂಥಾಲಯದ ಹೊರಗಿನ ಜಗಲಿ, ಬಸ್ಸು ಕಾಯುವ ಮರದ ನೆರಳು ಹೀಗೆ ಮೂರ್ನಾಲ್ಕು ಕಡೆ ಸಣ್ಣ ಪೆಟ್ಟಿಗೆಗಳನ್ನು ಜೋಡಿಸಿ, ಸದ್ದನ್ನು ಮಾತಿನ ಮಟ್ಟಕ್ಕೆ ಇಟ್ಟರೆ ಸಾಕು. ಒಂದೇ ದೊಡ್ಡ ಕಹಳೆಯನ್ನು ಮಾಳಿಗೆಯ ಮೇಲೆ ಕಟ್ಟುವುದು ತಪ್ಪು ಕ್ರಮ. ಶಿಕ್ಷಣ ಸಂಸ್ಥೆಯ ಸುತ್ತಲಿನ 100 ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಘೋಷಿಸಲು ಶಬ್ದಮಾಲಿನ್ಯ ನಿಯಮಗಳು ಸರ್ಕಾರಕ್ಕೆ ಅವಕಾಶ ಕೊಡುತ್ತವೆ. ಕಾಲೇಜೇ ಆ ನಿಶ್ಶಬ್ದವನ್ನು ಮುರಿದರೆ ಪಕ್ಕದ ಬೀದಿಯವರ ದೂರಿಗೆ ಉತ್ತರವಿರುವುದಿಲ್ಲ.

ಎರಡನೆಯದು ಅಂತರ್ಜಾಲ. ಮಾತಿಗೆ ಸೆಕೆಂಡಿಗೆ 64 ಕಿಲೋಬಿಟ್ (ಕೆಬಿಪಿಎಸ್) ಮಟ್ಟದ ಒಂಟಿ ವಾಹಿನಿಯ (ಮೋನೋ) ಎಂಪಿ3 ಸಾಕಾಗುತ್ತದೆ. ಅದರಲ್ಲಿ ಒಂದು ಗಂಟೆ ಕೇಳಲು ಸುಮಾರು 29 ಎಂಬಿ ಡೇಟಾ ಸಾಕು, ಅರ್ಧ ಗಂಟೆಗೆ ಅದರ ಅರ್ಧ. ನೇರ ಪ್ರಸಾರಕ್ಕೆ ಐಸ್‌ಕಾಸ್ಟ್, ಕಾರ್ಯಕ್ರಮ ಜೋಡಿಸಿ ನುಡಿಸಲು ಮಿಕ್ಸ್, ಧ್ವನಿ ಸಂಕಲನಕ್ಕೆ ಆಡಾಸಿಟಿ ಎಂಬ ಉಚಿತ ತಂತ್ರಾಂಶಗಳಿವೆ. ಆದರೆ ನೂರು ಜನ ಒಟ್ಟಿಗೆ ಕೇಳಿದರೆ ಸರ್ವರಿನಿಂದ ಸೆಕೆಂಡಿಗೆ 6.4 ಮೆಗಾಬಿಟ್ ಹೊರಹೋಗಬೇಕಾಗುವುದರಿಂದ, ಕಾಲೇಜಿನ ಕಚೇರಿಯ ಸಂಪರ್ಕವನ್ನು ನಂಬಿಕೊಳ್ಳುವ ಬದಲು ಹೊರಗಿನ ಸರ್ವರನ್ನು ಬಾಡಿಗೆಗೆ ಪಡೆಯುವುದು ಲೇಸು. ಇನ್ನೂ ಸರಳವಾದ ಉಪಾಯವೆಂದರೆ ನೇರ ಪ್ರಸಾರದ ಗೋಜಿಗೇ ಹೋಗದೆ, ಮುಗಿದ ಕಾರ್ಯಕ್ರಮವನ್ನು ಸಂಜೆ ತರಗತಿಗಳ ವಾಟ್ಸಾಪ್ ಗುಂಪಿಗೆ ಕಳಿಸುವುದು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತವರು ಅದನ್ನು ಕೇಳುತ್ತಾರೆ.

ಮೂರನೆಯದು ಪರವಾನಗಿ ಪಡೆದ ಎಫ್‌ಎಂ ಪ್ರಸಾರ. ಅದರ ವಿಚಾರ ಕೊನೆಯಲ್ಲಿ ಬರುತ್ತದೆ. ಮೊದಲ ವರ್ಷದ ತಂಡ ಅದರ ಕನಸು ಕಾಣಬಹುದು, ಅರ್ಜಿ ಹಾಕಬಾರದು. ಇನ್ನು ಆನ್‌ಲೈನ್ ಅಂಗಡಿಗಳಲ್ಲಿ ಸಿಗುವ ಸಣ್ಣ ಎಫ್‌ಎಂ ಟ್ರಾನ್ಸ್‌ಮಿಟರ್ ತಂದು ಹಾಸ್ಟೆಲಿನ ಮೇಲೆ ಇಡುವ ಯೋಚನೆ ಪ್ರತಿ ತಂಡದಲ್ಲೂ ಒಬ್ಬ ಜಾಣನಿಗೆ ಹೊಳೆಯುತ್ತದೆ. ಪರವಾನಗಿಯಿಲ್ಲದೆ ಎಫ್‌ಎಂ ಕೇಂದ್ರ ನಡೆಸುವುದು ಅಪರಾಧ. ಅದನ್ನು ಅಲ್ಲಿಗೇ ನಿಲ್ಲಿಸಬೇಕು.

ತಂತಿಯ ಮೇಲೆ ಕಾರ್ಯಕ್ರಮ ಕಳಿಸುವುದು ಕೀಳು ಎಂದು ಭಾವಿಸುವವರು ನಮ್ಮ ಜಿಲ್ಲೆಯದೇ ಉದಾಹರಣೆಯನ್ನು ನೋಡಬಹುದು. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ಈ ಶತಮಾನದ ಆರಂಭದಲ್ಲಿ, ಸ್ವಯಂಸೇವಾ ಸಂಘಗಳಿಗೆ ಎಫ್‌ಎಂ ಪರವಾನಗಿ ಕೊಡುವ ನೀತಿಯೇ ಇಲ್ಲದಿದ್ದಾಗ, ವಾಯ್ಸಸ್ ಮತ್ತು ಮೈರಾಡ ಸಂಸ್ಥೆಗಳು ಯುನೆಸ್ಕೋ ನೆರವಿನಿಂದ ‘ನಮ್ಮ ಧ್ವನಿ’ ಎಂಬ ಸಮುದಾಯ ಬಾನುಲಿಯನ್ನು ಕಟ್ಟಿದವು. ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ತಾವೇ ಧ್ವನಿಮುದ್ರಿಸಿದ ಕಾರ್ಯಕ್ರಮಗಳು ಕೇಬಲ್ ಟಿವಿಯ ತಂತಿಯ ಮೂಲಕ ಮನೆಗಳನ್ನು ತಲುಪಿದವು. ಇನ್ನೂ ಹಿಂದಕ್ಕೆ ಹೋದರೆ, 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಕಡಿಮೆ ಶಕ್ತಿಯ ಪ್ರಸಾರ ಯಂತ್ರವಿಟ್ಟು ಬಾನುಲಿ ಆರಂಭಿಸಿದ್ದರು. ಕನ್ನಡ ನಾಡಿನಲ್ಲಿ ಬಾನುಲಿ ಹುಟ್ಟಿದ್ದೇ ಒಬ್ಬ ಕಾಲೇಜು ಮೇಷ್ಟರ ಮನೆಯಲ್ಲಿ.

ಇನ್ನು ಕೋಣೆ. ರಸ್ತೆಯ ಕಡೆಗಿರುವ ಕೊಠಡಿ ಬೇಡ, ತಗಡಿನ ಚಾವಣಿಯದು ಬೇಡ, ಶೌಚಾಲಯದ ನೀರಿನ ಕೊಳವೆ ಹಾದು ಹೋಗುವ ಗೋಡೆಯಂತೂ ಬೇಡವೇ ಬೇಡ. ಎನ್‌ಸಿಸಿ ಸಾಮಾನು ಅಥವಾ ಹಳೆಯ ಉತ್ತರ ಪತ್ರಿಕೆಗಳನ್ನಿಟ್ಟ ಉಗ್ರಾಣದ ಕೋಣೆ ಸಿಕ್ಕರೆ ಅದೃಷ್ಟವೆಂದೇ ತಿಳಿಯಬೇಕು, ಏಕೆಂದರೆ ಕಾಗದದ ಕಟ್ಟುಗಳು ಸದ್ದನ್ನು ಚೆನ್ನಾಗಿ ಹೀರುತ್ತವೆ. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸುವ ರೂಢಿ ಎಲ್ಲೆಡೆ ಇದೆ. ಅದು ಹೊರಗಿನ ಸದ್ದನ್ನು ತಡೆಯುವುದಿಲ್ಲ, ಒಳಗಿನ ಪ್ರತಿಧ್ವನಿಯನ್ನೂ ಹೆಚ್ಚು ತಗ್ಗಿಸುವುದಿಲ್ಲ, ಧೂಳು ಮಾತ್ರ ಚೆನ್ನಾಗಿ ಹಿಡಿಯುತ್ತದೆ. ಮಾತನಾಡುವವರ ಎದುರು ಮತ್ತು ಬೆನ್ನ ಹಿಂದೆ ದಪ್ಪ ಕಂಬಳಿಗಳನ್ನು ಗೋಡೆಯಿಂದ ಒಂದು ಗೇಣು ಬಿಟ್ಟು ತೂಗುಹಾಕಿ, ನೆಲಕ್ಕೆ ಜಮಖಾನ ಹಾಸಿದರೆ ಅದಕ್ಕಿಂತ ಹೆಚ್ಚು ಪ್ರಯೋಜನ. ಕೋಣೆಯ ನಡುವೆ ಚಪ್ಪಾಳೆ ತಟ್ಟಿ ನೋಡಿ. ‘ಟಣ್’ ಎಂಬ ಬಾಲ ಉಳಿಯದಿದ್ದರೆ ಕೋಣೆ ಸಿದ್ಧವಾಗಿದೆ. ಧ್ವನಿಮುದ್ರಣದ ಹೊತ್ತಿನಲ್ಲಿ ಫ್ಯಾನು ನಿಲ್ಲಿಸಲೇಬೇಕಾಗುತ್ತದೆ, ಮಾರ್ಚ್ ಬಂತೆಂದರೆ ಇದೊಂದು ಶಿಕ್ಷೆ. ಆ ತಿಂಗಳುಗಳಲ್ಲಿ ಮುದ್ರಣವನ್ನು ಬೆಳಗಿನ ಮೊದಲ ತರಗತಿಗೆ ಮುಂಚೆ ಮುಗಿಸುವುದೊಂದೇ ಉಪಾಯ.

ಇಂಥ ಕೋಣೆಗೆ ಕಂಡೆನ್ಸರ್ ಮೈಕು ತರಬಾರದು. ಅದು ಎಷ್ಟು ಸೂಕ್ಷ್ಮವೋ ಅಷ್ಟೇ ತೊಂದರೆ: ಕಾರಿಡಾರಿನಲ್ಲಿ ಎಳೆದ ಬೆಂಚಿನ ಸದ್ದೂ ಮುದ್ರಣವಾಗುತ್ತದೆ. ವೇದಿಕೆಯ ಗಾಯಕರು ಬಳಸುವ ಡೈನಾಮಿಕ್ ಮೈಕು ಹತ್ತಿರದ ಧ್ವನಿಯನ್ನು ಮಾತ್ರ ಚೆನ್ನಾಗಿ ಹಿಡಿಯುತ್ತದೆ, ಕೈ ತಪ್ಪಿ ಬಿದ್ದರೂ ಬಾಳಿಕೆ ಬರುತ್ತದೆ. ಅಂಥವು ಎರಡು, ಎರಡು ಮೈಕು ಹಿಡಿಸುವ, ಅವುಗಳ ಧ್ವನಿಯನ್ನು ಕಂಪ್ಯೂಟರಿಗೆ ಕಳಿಸುವ ಒಂದು ಯುಎಸ್‌ಬಿ ಆಡಿಯೋ ಇಂಟರ್‌ಫೇಸ್, ಕಿವಿ ಪೂರ್ತಿ ಮುಚ್ಚುವ ಎರಡು ಹೆಡ್‌ಫೋನು, ಒಂದು ಕಂಪ್ಯೂಟರು, ಕರೆಂಟು ಹೋದಾಗ ಅರ್ಧ ಗಂಟೆ ನಿಭಾಯಿಸಬಲ್ಲ ಒಂದು ಯುಪಿಎಸ್ ಇದ್ದರೆ ಕೆಲಸ ಆರಂಭಿಸಬಹುದು. ತುಟಿಗೂ ಮೈಕಿಗೂ ನಾಲ್ಕು ಬೆರಳು ಅಡ್ಡ ಹಿಡಿದಷ್ಟು ಅಂತರವಿರಲಿ, ಮೈಕು ನೇರ ಬಾಯಿಯ ಮುಂದೆ ಇರದೆ ಸ್ವಲ್ಪ ಓರೆಯಾಗಿರಲಿ. ಪ, ಫ, ಬ, ಭ ಅಕ್ಷರಗಳಲ್ಲಿ ಉಸಿರು ಮೈಕಿಗೆ ಬಡಿದು ‘ಧಪ್’ ಎನ್ನುವುದು ಹೀಗೆ ತಪ್ಪುತ್ತದೆ. ‘ಪ್ರಥಮ ದರ್ಜೆ ಕಾಲೇಜು’ ಎಂದು ಹತ್ತು ಬಾರಿ ಹೇಳಿಸಿ ಮುದ್ರಿಸಿ ಕೇಳಿದರೆ ಯಾರ ಅಂತರ ಎಷ್ಟೆಂದು ಗೊತ್ತಾಗುತ್ತದೆ. ಧ್ವನಿಯ ಮಟ್ಟ ಅತಿ ಜೋರಿನಲ್ಲೂ ಮೈನಸ್ 6 ಡೆಸಿಬೆಲ್ ಆಸುಪಾಸಿನಲ್ಲೇ ಇರಬೇಕು. ಗರಿಷ್ಠ ಮಟ್ಟವಾದ ಸೊನ್ನೆಯನ್ನು ಮುಟ್ಟಿ ಒಡೆದ ಧ್ವನಿಯನ್ನು ಚೆನ್ನಾಗಿ ಸರಿಪಡಿಸಲು ಆಗುವುದಿಲ್ಲ.

ಇಷ್ಟಾದ ಮೇಲೆ ನಿಜವಾದ ಕೆಲಸ, ಎಂದರೆ ಕಾರ್ಯಕ್ರಮ. ಬೆಂಗಳೂರಿನ ಖಾಸಗಿ ಎಫ್‌ಎಂ ನಿರೂಪಕರ ವೇಗ, ನಗು, ಇಂಗ್ಲಿಷ್ ಬೆರಕೆಯನ್ನು ಅನುಕರಿಸುವ ಆಸೆ ಹೊಸಬರಿಗೆ ಸಹಜ. ಅದನ್ನು ಅವರಷ್ಟು ಚೆನ್ನಾಗಿ ಮಾಡಲು ನಮ್ಮಿಂದಾಗದು, ಮಾಡಿದರೂ ಕೇಳುಗರಿಗೆ ಅದು ಫೋನಿನಲ್ಲೇ ಸಿಗುತ್ತದೆ. ಕಾಲೇಜು ಬಾನುಲಿ ಮಾತ್ರ ಕೊಡಬಲ್ಲದ್ದು ಬೇರೆಯೇ ಇದೆ: ಪರೀಕ್ಷಾ ಶುಲ್ಕದ ಕೊನೆಯ ದಿನ, ವಿದ್ಯಾರ್ಥಿವೇತನದ ಅರ್ಜಿಗೆ ಬೇಕಾದ ಕಾಗದಪತ್ರ, ಹಿಂದಿನ ವರ್ಷ ಪಾಸಾದವರಿಗೆ ಎಲ್ಲಿ ಕೆಲಸ ಸಿಕ್ಕಿತೆಂಬ ಮಾತುಕತೆ, ಊರಿನ ಕೆರೆ, ಊರಿನ ಸಂತೆ.

ಮಾಹಿತಿಯನ್ನು ಬಾನುಲಿಗೆ ತಕ್ಕಂತೆ ಬರೆದುಕೊಳ್ಳುವುದನ್ನು ಕಲಿಸಲು ಸೂಚನಾ ಫಲಕಕ್ಕಿಂತ ಒಳ್ಳೆಯ ಪಠ್ಯವಿಲ್ಲ. ಫಲಕದಲ್ಲಿ ಹೀಗಿರುತ್ತದೆ: ‘ತೃತೀಯ ಸೆಮಿಸ್ಟರ್ ವಿದ್ಯಾರ್ಥಿಗಳು ಪರೀಕ್ಷಾ ಶುಲ್ಕವನ್ನು ದಂಡರಹಿತವಾಗಿ ಪಾವತಿಸಲು ಇದೇ ಮಾಹೆಯ 18ನೇ ತಾರೀಖು ಅಂತಿಮ ದಿನಾಂಕವಾಗಿರುತ್ತದೆ.’ ಇದನ್ನು ಹಾಗೆಯೇ ಓದಿದರೆ ಊಟದ ಡಬ್ಬಿ ಬಿಚ್ಚುತ್ತಿರುವವರ ಕಿವಿಗೆ ಬೀಳುವುದೇ ಇಲ್ಲ. ಓದಬೇಕಾದದ್ದು: ‘ಮೂರನೇ ಸೆಮಿಸ್ಟರ್‌ನವರು ಸ್ವಲ್ಪ ಕೇಳಿ. ಪರೀಕ್ಷೆ ಫೀಸು ಕಟ್ಟೋದಕ್ಕೆ ಹದಿನೆಂಟನೇ ತಾರೀಖು ಕೊನೇ ದಿನ. ಆಮೇಲೆ ಕಟ್ಟಿದ್ರೆ ದಂಡ ಬೀಳುತ್ತೆ. ಮತ್ತೊಂದು ಸಲ ಹೇಳ್ತೀನಿ, ಹದಿನೆಂಟು.’ ಯಾರಿಗೆ ಸಂಬಂಧಿಸಿದ್ದು ಎಂಬುದು ಮೊದಲು, ತಾರೀಖು ಎರಡು ಬಾರಿ, ಒಂದು ವಾಕ್ಯಕ್ಕೆ ಒಂದೇ ಸಂಗತಿ. ಬರೆದದ್ದನ್ನು ಗಟ್ಟಿಯಾಗಿ ಓದಿ ಗಡಿಯಾರ ನೋಡಿಕೊಳ್ಳದೆ ಯಾರೂ ಮೈಕಿನ ಮುಂದೆ ಕೂರಬಾರದು.

ಹೊರಗಿನ ಕಾರ್ಯಕ್ರಮಕ್ಕೆ ಕೋಲಾರದ ಎಪಿಎಂಸಿಯ ಟೊಮೆಟೊ ಮಂಡಿಯನ್ನು ತೆಗೆದುಕೊಳ್ಳೋಣ. ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದಾದ ಅಲ್ಲಿಗೆ ಇಬ್ಬರು ವಿದ್ಯಾರ್ಥಿಗಳು ಒಂದು ಮೊಬೈಲು ಮತ್ತು ಕಾಲರಿಗೆ ಸಿಕ್ಕಿಸುವ ತಂತಿ ಮೈಕಿನೊಂದಿಗೆ ಹೋದರೆ ಹತ್ತು ನಿಮಿಷದ ಒಳ್ಳೆಯ ಕಾರ್ಯಕ್ರಮ ತರಬಹುದು. ಹೋದೊಡನೆ ಯಾರನ್ನೂ ಮಾತನಾಡಿಸದೆ, ಹರಾಜಿನ ಕೂಗು, ಬಾಕ್ಸುಗಳನ್ನು ಒಂದರ ಮೇಲೊಂದು ಇಳಿಸುವ ಸದ್ದು, ಲಾರಿಯ ಹಿಂಬಾಗಿಲು ಬೀಳುವ ಸದ್ದು ಇವನ್ನು ತಲಾ ಒಂದು ನಿಮಿಷ ಬೇರೆಬೇರೆಯಾಗಿ ಮುದ್ರಿಸಿಕೊಳ್ಳಬೇಕು. ಸಂಕಲನದಲ್ಲಿ ಮಾತು ಮಾತಿನ ನಡುವಿನ ಹೊಲಿಗೆ ಕಾಣದಂತೆ ಮಾಡುವುದು ಇವೇ. ಆಮೇಲೆ ಗದ್ದಲದಿಂದ ಹತ್ತು ಹೆಜ್ಜೆ ದೂರ ಬಂದು, ಲಾರಿಗೆ ಬೆನ್ನು ಮಾಡಿ ನಿಂತು ಮಾತು. ‘ರೈತರ ಸಮಸ್ಯೆಗಳ ಬಗ್ಗೆ ತಮ್ಮ ಅಭಿಪ್ರಾಯವೇನು?’ ಎಂದು ಕೇಳಿದರೆ ಸಿಗುವುದು ಎಲ್ಲರೂ ಹೇಳುವ ಉತ್ತರ. ‘ಇವತ್ತು ಎಷ್ಟು ಹೊತ್ತಿಗೆ ಮನೆ ಬಿಟ್ರಿ, ಯಜಮಾನ್ರೇ? ಎಷ್ಟು ಬಾಕ್ಸ್ ತಂದ್ರಿ? ಬಾಡಿಗೆ ಎಷ್ಟು ಕೊಟ್ರಿ?’ ಎಂದು ಕೇಳಿದರೆ ಲೆಕ್ಕ ತಾನಾಗಿ ಬಿಚ್ಚಿಕೊಳ್ಳುತ್ತದೆ: ಬಾಕ್ಸಿಗೆ 15 ಕೆ.ಜಿ., ಅದರ ಮೇಲೆ ಸಾಗಣೆ, ಬಿಡಿಸಿದ ಕೂಲಿ, ಕಮಿಷನ್. ಧ್ವನಿ ಮುದ್ರಿಸುತ್ತಿರುವುದನ್ನು ಮೊದಲೇ ಹೇಳಿ, ಒಪ್ಪಿಗೆಯ ಮಾತನ್ನೂ ಮುದ್ರಿಸಿಕೊಳ್ಳಬೇಕು.

ಅಂಥ ಕಡೆ ಮಾತು ಕನ್ನಡದಲ್ಲಿ ಹೊರಟು ತೆಲುಗಿಗೆ ಹೊರಳಿ ಮತ್ತೆ ಕನ್ನಡಕ್ಕೆ ಬರುತ್ತದೆ. ಅದನ್ನು ಕತ್ತರಿಸಿ ‘ಶುದ್ಧ’ ಮಾಡುವ ಅಗತ್ಯವಿಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ಮನೆಯಲ್ಲಿ ತೆಲುಗು, ಉರ್ದು, ಕೆಜಿಎಫ್ ಕಡೆ ತಮಿಳು ಆಡುವ ಮಕ್ಕಳು ನಮ್ಮ ತರಗತಿಗಳಲ್ಲಿ ತುಂಬಾ ಇದ್ದಾರೆ. ಅವರಲ್ಲಿ ಅನೇಕರು ಮೈಕಿನ ಮುಂದೆ ಬಾಯಿ ಬಿಡದಿರಲು ತಮ್ಮ ಕನ್ನಡವನ್ನು ಕೇಳಿ ಯಾರಾದರೂ ನಕ್ಕಾರೆಂಬ ಅಂಜಿಕೆಯೇ ಕಾರಣ. ಕಾರ್ಯಕ್ರಮದ ಚೌಕಟ್ಟು ಕನ್ನಡದ್ದಿರಲಿ, ಒಳಗೆ ಅಜ್ಜಿಯೊಬ್ಬರು ತೆಲುಗಿನಲ್ಲಿ ಹಾಡಿದ ನಾಟಿಪದವೂ ಬರಲಿ. ನಿರೂಪಕರಿಗೆ ಅಕಾರ ಹಕಾರ ಮತ್ತು ಮಹಾಪ್ರಾಣಗಳ ಅಭ್ಯಾಸ ಮಾಡಿಸಬೇಕು, ನಿಜ. ಆದರೆ ಊರಿನ ಧಾಟಿಯನ್ನು ಉಜ್ಜಿ ಅಳಿಸಬಾರದು.

ಚಿತ್ರಗೀತೆಗಳ ವಿಷಯ ಸ್ವಲ್ಪ ಸೂಕ್ಷ್ಮ. ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಭಾಗವಾಗಿ, ಕೇಳುಗರು ಅಲ್ಲಿನ ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರು ಮತ್ತು ಸಂಸ್ಥೆಗೆ ಸಂಬಂಧಪಟ್ಟವರಷ್ಟೇ ಆಗಿರುವಾಗ ಧ್ವನಿಮುದ್ರಿಕೆ ನುಡಿಸಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ವಿನಾಯಿತಿ ಕೊಡುತ್ತದೆ. ಅದೇ ಹಾಡು ಯಾರು ಬೇಕಾದರೂ ಕೇಳಬಹುದಾದ ಅಂತರ್ಜಾಲ ಪ್ರಸಾರದಲ್ಲಿ ಬಂದರೆ ಈ ಆಸರೆ ಇರುವುದಿಲ್ಲ. ಸಾಹಿತ್ಯಕ್ಕೂ ಲೆಕ್ಕವಿದೆ: ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಮುಳಬಾಗಿಲಿನ ಡಿ.ವಿ. ಗುಂಡಪ್ಪನವರು 1975ರಲ್ಲಿ ತೀರಿಕೊಂಡದ್ದರಿಂದ ಅವರ ಕೃತಿಗಳು 2035ರ ಕೊನೆಯವರೆಗೆ, 1986ರಲ್ಲಿ ತೀರಿಕೊಂಡ ಮಾಸ್ತಿಯವರ ಕೃತಿಗಳು 2046ರ ಕೊನೆಯವರೆಗೆ ಹಕ್ಕಿನ ಅಡಿಯಲ್ಲಿವೆ; ನಮ್ಮ ಜಿಲ್ಲೆಯವರೆಂಬ ಅಭಿಮಾನ ಅನುಮತಿಯಾಗುವುದಿಲ್ಲ. 1946ರಲ್ಲಿ ನಿಧನರಾದ ಟಿ.ಪಿ. ಕೈಲಾಸಂ ಅವರ ನಾಟಕಗಳನ್ನೂ, ವಚನ, ಕೀರ್ತನೆಗಳನ್ನೂ ನಿಮ್ಮದೇ ತಂಡದಿಂದ ಆಡಿಸಿ, ಹಾಡಿಸಿ ಪ್ರಸಾರ ಮಾಡಲು ಅಡ್ಡಿಯಿಲ್ಲ.

ಮೆಚ್ಚಿನ ಹಾಡಿನ ಚೀಟಿ ಪೆಟ್ಟಿಗೆ ಇಡುವವರಿಗೆ ಒಂದು ಎಚ್ಚರಿಕೆ. ಪೆಟ್ಟಿಗೆ ಇಟ್ಟ ವಾರದಲ್ಲೇ ಅದು ಹುಡುಗಿಯರ ಹೆಸರಿನ ಚೀಟಿಗಳಿಂದ ತುಂಬುತ್ತದೆ, ಅವುಗಳಲ್ಲಿ ಹೆಚ್ಚಿನವು ಕೀಟಲೆಯವು. ಮೈಕಿನಲ್ಲಿ ಹೆಸರು ಕೇಳಿಸಿಕೊಂಡ ಹುಡುಗಿ ಮಾರನೆಯ ದಿನ ಕಾಲೇಜಿಗೆ ಬರಲು ಹಿಂಜರಿಯುವ ಸ್ಥಿತಿ ಬಂದರೆ ಆ ಬಾನುಲಿ ಇದ್ದೂ ಕೇಡು. ‘ದ್ವಿತೀಯ ಬಿ.ಕಾಂ. ತರಗತಿಯವರ ಕೋರಿಕೆ’ ಎಂಬಷ್ಟಕ್ಕೆ ನಿಲ್ಲಿಸುವ ನಿಯಮವನ್ನು ಮೊದಲ ದಿನವೇ ಬರೆದು ಗೋಡೆಗೆ ಅಂಟಿಸಬೇಕು.

ತಂಡಕ್ಕೆ ಎಂಟು ಹತ್ತು ಮಂದಿ ಸಾಕು, ಆದರೆ ಮೂರೂ ವರ್ಷದವರಿರಬೇಕು. ದಿನನಿತ್ಯದ ಹೊಣೆ ಎರಡನೆಯ ವರ್ಷದವರದು. ಮೊದಲ ವರ್ಷದವರು ಅವರ ಪಕ್ಕ ಕೂತು ಕಲಿಯುವವರು. ಅಂತಿಮ ವರ್ಷದವರು ಕಷ್ಟ ಬಂದಾಗ ಕೈ ಹಾಕುವವರು. ಅಂತಿಮ ವರ್ಷದ ಪ್ರತಿಭಾವಂತನೊಬ್ಬನೇ ಎಲ್ಲವನ್ನೂ ಹೊತ್ತಿರುವ ಕೇಂದ್ರ ಕೇಳಲು ಚೆನ್ನಾಗಿರುತ್ತದೆ, ಜೂನಿನಲ್ಲಿ ಮುಚ್ಚುತ್ತದೆ. ಪ್ರತಿ ದಿನಕ್ಕೆ ಇಬ್ಬರು, ಅವರಿಗೆ ಬದಲಿ ಒಬ್ಬರು ಎಂದು ಪಟ್ಟಿ ಮಾಡಿ, ಮೊದಲ ಸೆಮಿಸ್ಟರ್ ಪೂರ್ತಿ ಮುದ್ರಿತ ಕಾರ್ಯಕ್ರಮಗಳನ್ನೇ ಹಾಕಬೇಕು. ನೇರ ಪ್ರಸಾರದ ಉಮೇದು ಆಮೇಲೆ. ಪ್ರಾಂಶುಪಾಲರೊಂದಿಗೆ ಏನನ್ನು ಮೊದಲೇ ತೋರಿಸಬೇಕು, ಏನನ್ನು ತೋರಿಸಬೇಕಿಲ್ಲ ಎಂಬ ಒಪ್ಪಂದ ಬರಹದಲ್ಲಿರಬೇಕು, ಇಲ್ಲವಾದರೆ ಮೊದಲ ದೂರು ಬಂದ ದಿನ ಎಲ್ಲವನ್ನೂ ತೋರಿಸಬೇಕಾಗಿ ಬರುತ್ತದೆ. ಮೇಲ್ವಿಚಾರಕ ಅಧ್ಯಾಪಕರು ಕಾಗುಣಿತ ತಿದ್ದುವುದಕ್ಕಿಂತ ಹೆಚ್ಚಾಗಿ, ಮುದ್ರಣಕ್ಕೆ ಹೋದ ಮಕ್ಕಳ ಹಾಜರಾತಿಯನ್ನು ಸಹೋದ್ಯೋಗಿಗಳೊಂದಿಗೆ ಮಾತನಾಡಿ ಉಳಿಸಿಕೊಡುವವರಾಗಿರಬೇಕು.

ಎರಡು ವರ್ಷ ಹೀಗೆ ತಪ್ಪದೆ ನಡೆದರೆ ಪರವಾನಗಿಯ ಯೋಚನೆ ಮಾಡಬಹುದು. ಶಿಕ್ಷಣ ಸಂಸ್ಥೆಗಳಿಗೆ ಬಾನುಲಿ ಪರವಾನಗಿ ಕೊಡುವ ನೀತಿ 2002ರ ಕೊನೆಯಲ್ಲಿ ಬಂತು. 2004ರ ಫೆಬ್ರುವರಿಯಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ಅಣ್ಣಾ ಎಫ್‌ಎಂ ದೇಶದ ಮೊದಲ ಕ್ಯಾಂಪಸ್ ಬಾನುಲಿಯಾಯಿತು. 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಬಾಗಿಲು ತೆರೆಯಿತು. ಅರ್ಜಿ ಹಾಕಬೇಕಾದದ್ದು ಸಂಸ್ಥೆ, ವಿದ್ಯಾರ್ಥಿ ಸಂಘವಲ್ಲ. ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಬ್ರಾಡ್‌ಕಾಸ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ, ಆನಂತರ ಆಶಯ ಪತ್ರ (ಲೆಟರ್ ಆಫ್ ಇಂಟೆಂಟ್), ತರಂಗಾಂತರ ಹಂಚಿಕೆ ಮತ್ತು ಆಂಟೆನಾ ಕಂಬದ ಜಾಗಕ್ಕೆ ಒಪ್ಪಿಗೆ, ಸರ್ಕಾರದೊಂದಿಗೆ ಒಪ್ಪಂದ, ಕೊನೆಗೆ ನಿಸ್ತಂತು ಪರವಾನಗಿ ಹೀಗೆ ದಾರಿ ಸಾಗುತ್ತದೆ. ಪ್ರಸಾರದ ಪರಿಣಾಮಕಾರಿ ಶಕ್ತಿ ಸಾಮಾನ್ಯವಾಗಿ 100 ವಾಟ್ ಮೀರಬಾರದು, ಆಂಟೆನಾ ನೆಲದಿಂದ 30 ಮೀಟರ್‌ಗಿಂತ ಎತ್ತರವಿರಬಾರದು.

ಇಲ್ಲಿ ಗಮನಿಸಬೇಕಾದದ್ದು, ಈ ಪರವಾನಗಿ ಸಮುದಾಯ ಬಾನುಲಿಯದು. ಕಾಲೇಜಿನ ಗೇಟಿನ ಹೊರಗಿನ ಜನರಿಗಾಗಿ, ಅವರ ಪಾಲ್ಗೊಳ್ಳುವಿಕೆಯಿಂದ ಕಾರ್ಯಕ್ರಮ ನಡೆಯಬೇಕು, ಅರ್ಧದಷ್ಟಾದರೂ ಸ್ಥಳೀಯವಾಗಿ ತಯಾರಾಗಿರಬೇಕು. ಸ್ವಂತ ಸುದ್ದಿ ಪ್ರಸಾರಕ್ಕೆ ಅವಕಾಶವಿಲ್ಲ. ಆಕಾಶವಾಣಿಯ ಸುದ್ದಿಯನ್ನು ಬದಲಿಸದೆ ಮರುಪ್ರಸಾರ ಮಾಡಬಹುದು. ಪರೀಕ್ಷೆ, ಫಲಿತಾಂಶ, ಪ್ರವೇಶ, ಹವಾಮಾನ, ನೀರು, ವಿದ್ಯುತ್ತಿನ ಮಾಹಿತಿಗೆ ಅಡ್ಡಿಯಿಲ್ಲ. 2024ರ ಪರಿಷ್ಕೃತ ಮಾರ್ಗಸೂಚಿ ಜಾಹೀರಾತಿನ ಮಿತಿಯನ್ನು ಗಂಟೆಗೆ 7ರಿಂದ 12 ನಿಮಿಷಕ್ಕೆ ಏರಿಸಿತು, ದರವನ್ನು 10 ಸೆಕೆಂಡಿಗೆ 74 ರೂಪಾಯಿ ಮಾಡಿತು. ಆದರೆ ಆ ಹಣವನ್ನೇ ನೆಚ್ಚಿ ಬಜೆಟ್ ಬರೆಯಬಾರದು. ಪ್ರಸಾರವಾದದ್ದೆಲ್ಲವನ್ನೂ ಮೂರು ತಿಂಗಳು ಕಾದಿಡಬೇಕೆಂಬ ನಿಯಮ ಕೇಳಲು ಭಾರವೆನಿಸಿದರೂ ಹಗುರವಾದುದು: ದಿನಕ್ಕೆ 12 ಗಂಟೆಯಂತೆ 64 ಕೆಬಿಪಿಎಸ್‌ನಲ್ಲಿ 90 ದಿನಕ್ಕೆ ಸುಮಾರು 31 ಜಿಬಿ ಆಗುತ್ತದೆ, ಒಂದು ಪೆನ್‌ಡ್ರೈವಿನ ಮಾತು. ಪರವಾನಗಿ ಇಲ್ಲದ ಕಾಲದಲ್ಲೂ ಈ ಅಭ್ಯಾಸ ಇಟ್ಟುಕೊಂಡರೆ ‘ನೀವು ಹೀಗೆ ಅಂದಿರಿ’ ಎಂಬ ತಕರಾರುಗಳು ಮುದ್ರಣ ಕೇಳಿಸಿದೊಡನೆ ತೀರುತ್ತವೆ. ಅರ್ಜಿಗೆ ಮುನ್ನ ತುಮಕೂರಿನ ಶ್ರೀ ಸಿದ್ಧಾರ್ಥ ಸಂಸ್ಥೆಯ ರೇಡಿಯೋ ಸಿದ್ಧಾರ್ಥ 90.8ರಂಥ ಕೇಂದ್ರವೊಂದಕ್ಕೆ ಮೊದಲೇ ತಿಳಿಸಿ ಹೋಗಿ ಒಂದು ದಿನದ ಕೆಲಸವನ್ನು ಕೂತು ನೋಡುವುದು ಯಾವ ತರಬೇತಿಗಿಂತಲೂ ಮೇಲು.

ಸೆಮಿಸ್ಟರ್ ಪರೀಕ್ಷೆಯ ಮೊದಲು, ಯಾವ ವಾರಕ್ಕೂ ಸಲ್ಲುವ ಹದಿನೈದು ಕಾರ್ಯಕ್ರಮಗಳನ್ನು ಮುದ್ರಿಸಿ ಕಪಾಟಿನಲ್ಲಿಡಬೇಕು. ಪರೀಕ್ಷೆಯ ಮೂರು ವಾರ ಅವು ಕ್ರಮವಾಗಿ ಪ್ರಸಾರವಾಗುತ್ತವೆ, ಗುಂಡಿ ಒತ್ತಲು ಒಬ್ಬರಿದ್ದರೆ ಆಯಿತು. ಅಂತಿಮ ವರ್ಷದವರು ಹೊರಡುವ ಮುನ್ನ ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಯಾವ ತಂತಿ ಎಲ್ಲಿಗೆ, ಯಾವ ಮೈಕು ಯಾವಾಗ ತಂದದ್ದು, ರಿಪೇರಿ ಮಾಡುವವರು ಯಾರು, ಮಂಡಿಯಲ್ಲಿ ಯಾರನ್ನು ಕೇಳಿದರೆ ಒಳಗೆ ಬಿಡುತ್ತಾರೆ ಎಂಬುದನ್ನೆಲ್ಲ ಕೈಬರಹದಲ್ಲಿ ಬರೆದು ಮುಂದಿನವರ ಸಹಿ ಪಡೆಯಬೇಕು. ಸರ್ವರು, ಇ-ಮೇಲು, ವಾಟ್ಸಾಪ್ ಗುಂಪುಗಳು ಯಾವ ವಿದ್ಯಾರ್ಥಿಯ ಸ್ವಂತ ಮೊಬೈಲ್ ಸಂಖ್ಯೆಗೂ ಅಂಟಿಕೊಂಡಿರಬಾರದು. ಕಾಲೇಜಿನ ಹೆಸರಿನಲ್ಲೇ ಒಂದು ಸಿಮ್ ಪಡೆದು ಎಲ್ಲವನ್ನೂ ಅದಕ್ಕೆ ಜೋಡಿಸಿ, ಗುಪ್ತಪದಗಳನ್ನು ಮುಚ್ಚಿದ ಲಕೋಟೆಯಲ್ಲಿ ಕಚೇರಿಯ ಅಧೀಕ್ಷಕರ ಬಳಿ ಇರಿಸಿ, ಪ್ರತಿ ಜುಲೈನಲ್ಲಿ ಬದಲಾಯಿಸಬೇಕು.